ಅಧ್ಯಯನ ಪಾಠ: ಗರ್ಭಿಣಿಯರಲ್ಲಿ ಥೈರಾಯ್ಡ್ ಕೊರತೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಗರ್ಭ ನಿಂತ ವಿಷಯವನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ಆದರೆ ಥೈರಾಯ್ಡ್ ಸಮಸ್ಯೆಯ ಪತ್ತೆ ಹಾಗೂ ಚಿಕಿತ್ಸೆಗೆ ಆ ಮೂರು ತಿಂಗಳುಗಳೇ ಅತಿ ಮುಖ್ಯವಾದವು.

ಕಾರಣವೇನು?
ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಆಹಾರದ ಅಯೋಡಿನ್ ಬಳಸಿ ಹಾರ್ಮೋನನ್ನು ಉತ್ಪಾದಿಸುತ್ತದೆ. ಶಿಶುವಿನ ಮೆದುಳಿನ ಬೆಳವಣಿಗೆಗೆ ಈ ಹಾರ್ಮೋನ್ ಅಗತ್ಯ. ಮೊದಲ ಸುಮಾರು 12 ವಾರ ಶಿಶು ಇದಕ್ಕಾಗಿ ತಾಯಿಯನ್ನೇ ಅವಲಂಬಿಸಿರುತ್ತದೆ. ತೀವ್ರ ಕೊರತೆಗೆ ಚಿಕಿತ್ಸೆ ದೊರೆಯದಿದ್ದಲ್ಲಿ ಗರ್ಭಪಾತ, ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಶಿಶು ಜನನ ಹಾಗೂ ಮಗುವಿನ ಬುದ್ಧಿ ಬೆಳವಣಿಗೆ ಕುಂಠಿತವಾಗುವ ಅಪಾಯವಿದೆ.

ಪತ್ತೆ ಹೇಗೆ?
ಆಯಾಸ, ಮಲಬದ್ಧತೆ, ಚಳಿ ತಾಳಲಾಗದಿರುವುದು, ತೂಕ ಹೆಚ್ಚುವುದು ಇದರ ಲಕ್ಷಣಗಳು. ಇವುಗಳಲ್ಲಿ ಕೆಲವು ಬಸಿರಿನಲ್ಲಿ ಸಹಜವಾಗಿಯೂ ಕಾಣುವುದರಿಂದ ಮನೆಯವರು ಉಪೇಕ್ಷಿಸುತ್ತಾರೆ. ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆಯಿಂದ ಮಾತ್ರ ಇದು ಖಚಿತವಾಗುತ್ತದೆ. ಹಿಂದೆ ಗರ್ಭಪಾತವಾದವರು, ಗಳಗಂಡವುಳ್ಳವರು, ಕುಟುಂಬದಲ್ಲಿ ಥೈರಾಯ್ಡ್ ಕಾಯಿಲೆ ಇರುವವರು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಅವಶ್ಯವಾಗಿ ಕೇಳತಕ್ಕದ್ದು.

ಮಾತ್ರೆಯ ವಿಚಾರ
ವೈದ್ಯರು ಸೂಚಿಸುವ ಥೈರಾಕ್ಸಿನ್ ಮಾತ್ರೆ ಗರ್ಭಿಣಿಯರಿಗೆ ಸುರಕ್ಷಿತ. ಬಸಿರಾದೆನೆಂದು ಅದನ್ನು ನಿಲ್ಲಿಸುವುದು ತಪ್ಪು; ಮೊದಲೇ ಸೇವಿಸುತ್ತಿರುವವರಿಗೆ ಪ್ರಮಾಣ ಹೆಚ್ಚಿಸಬೇಕಾಗಬಹುದಾದ್ದರಿಂದ ಕೂಡಲೇ ವೈದ್ಯರನ್ನು ಕಾಣಬೇಕು. ಇದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೇವಿಸಬೇಕು. ಆಶಾ ಕಾರ್ಯಕರ್ತೆಯರು ನೀಡುವ ಕಬ್ಬಿಣಾಂಶ ಹಾಗೂ ಕ್ಯಾಲ್ಸಿಯಂ ಮಾತ್ರೆಗಳನ್ನು ಇದರೊಡನೆ ನುಂಗಿದರೆ ಔಷಧವು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಕನಿಷ್ಠ 4 ಗಂಟೆ ಅಂತರವಿರಲಿ.

ಉಪ್ಪಿನ ವಿಚಾರ
ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಸುಲಭ ಮಾರ್ಗ ಅಯೋಡಿನ್‌ಯುಕ್ತ ಉಪ್ಪು. ಚೀಲದಲ್ಲಿ ಬಿಡಿಯಾಗಿ ಮಾರುವ ಕಲ್ಲುಪ್ಪಿನಲ್ಲಿ ಅಯೋಡಿನ್ ಇಲ್ಲದಿರಬಹುದು. ಉಪ್ಪನ್ನು ತೇವ ಮತ್ತು ಬಿಸಿಲು ತಾಗದಂತೆ ಮುಚ್ಚಿಡಬೇಕು. ಅಯೋಡಿನ್‌ಯುಕ್ತ ಉಪ್ಪು ಬಳಸುತ್ತಿದ್ದರೂ ಥೈರಾಯ್ಡ್ ಕೊರತೆ ಬರಬಹುದಾದ್ದರಿಂದ ಉಪ್ಪು ಪರೀಕ್ಷೆಗೆ ಬದಲಿಯಲ್ಲ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು
1. ಗರ್ಭ ನಿಂತೊಡನೆ ನೋಂದಣಿ ಮಾಡಿಸಿ ತಾಯಿ ಕಾರ್ಡ್ ಪಡೆಯುವಂತೆ ಮಹಿಳಾ ಗ್ರಾಮಸಭೆಯಲ್ಲಿ ತಿಳಿಸುವುದು. ಅತ್ತೆ ಹಾಗೂ ಪತಿಗೂ ಈ ವಿಷಯ ತಲುಪಬೇಕು.
2. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ದೂರದ ಹಾಡಿ, ತಾಂಡಾಗಳ ಗರ್ಭಿಣಿಯರು ತಲುಪಲು ನೆರವಾಗುವುದು.
3. ಅಂಗನವಾಡಿ, ಶಾಲಾ ಬಿಸಿಯೂಟ ಹಾಗೂ ಅಂಗಡಿಗಳ ಉಪ್ಪನ್ನು ಪರೀಕ್ಷಾ ಕಿಟ್‌ನಿಂದ ಪರೀಕ್ಷಿಸುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವಿಷಯ ಮಂಡಿಸುವುದು.
4. ಯಾವ ಗರ್ಭಿಣಿಯ ಹೆಸರನ್ನೂ, ಕಾಯಿಲೆಯನ್ನೂ ಸಭೆಯಲ್ಲಿ ಓದದಿರುವುದು. ಗುಟ್ಟು ಉಳಿಯುವುದೆಂಬ ನಂಬಿಕೆಯಿದ್ದರೆ ಮಹಿಳೆಯರು ಬೇಗ ನೋಂದಣಿಗೆ ಮುಂದೆ ಬರುತ್ತಾರೆ.

ಚರ್ಚೆಗೆ: ತಮ್ಮ ವಾರ್ಡಿನಲ್ಲಿ ಕಳೆದ ವರ್ಷ ಎಷ್ಟು ಗರ್ಭಿಣಿಯರು 12 ವಾರಗಳೊಳಗೆ ನೋಂದಣಿಯಾದರು? ಉಳಿದವರು ತಡವಾಗಿ ಬಂದುದಕ್ಕೆ ಕಾರಣವೇನು?