ದೂರದ ಧ್ವನಿವರ್ಧಕಗಳಿಗೆ ತಂತಿ: ಆಯ್ಕೆ ಮತ್ತು ಅಳವಡಿಕೆ

ಪಾಳಿ ಬದಲಾವಣೆಯ ಸೂಚನೆಯಿಂದ ಹಿಡಿದು ಬೆಂಕಿ ಅವಘಡದ ಎಚ್ಚರಿಕೆಯವರೆಗೆ ಅನೇಕ ಪ್ರಕಟಣೆಗಳು ಕಾರ್ಖಾನೆ, ಗೋದಾಮುಗಳಲ್ಲಿ ಧ್ವನಿವರ್ಧಕದ ಮೂಲಕವೇ ತಲುಪುತ್ತವೆ. ಆಂಪ್ಲಿಫೈಯರ್ ಹಾಗೂ ಸ್ಪೀಕರುಗಳ ಖರೀದಿಯಲ್ಲಿ ವಹಿಸುವ ಎಚ್ಚರವನ್ನು ಅವುಗಳನ್ನು ಜೋಡಿಸುವ ತಂತಿಯ ವಿಷಯದಲ್ಲಿ ವಹಿಸುವವರು ವಿರಳ. ಗೋಡೆಯೊಳಗೆ ಪೈಪು ಹುದುಗಿಸಿ ಗಾರೆ ಮಾಡಿದ ಮೇಲೆ ತಪ್ಪನ್ನು ತಿದ್ದುವುದು ದುಬಾರಿ. ಆದುದರಿಂದ ಲೆಕ್ಕಾಚಾರ ಮೊದಲೇ ಆಗಬೇಕು.

ನಷ್ಟದ ಲೆಕ್ಕ

ತಾಮ್ರದ ತಂತಿಗೂ ವಿದ್ಯುತ್ ರೋಧವಿದೆ. 1.5 ಚದರ ಮಿ.ಮೀ. ತಂತಿಯ ರೋಧ ಕಿಲೋಮೀಟರಿಗೆ ಸುಮಾರು 12 ಓಮ್, 2.5 ಚದರ ಮಿ.ಮೀ. ತಂತಿಯದು ಸುಮಾರು 7.4 ಓಮ್. ಕಚೇರಿಯಿಂದ ಗೋದಾಮಿಗೆ 60 ಮೀಟರ್ ದೂರವಿದೆಯೆಂದು ಭಾವಿಸಿದರೆ, ಹೋಗಿ ಬರುವ ಎರಡೂ ಎಳೆಗಳು ಸೇರಿ 120 ಮೀಟರ್ ಆಗುತ್ತದೆ. 1.5 ಚದರ ಮಿ.ಮೀ. ತಂತಿಯಲ್ಲಿ ಇದರ ರೋಧ ಸುಮಾರು 1.45 ಓಮ್. ಸ್ಪೀಕರ್ 8 ಓಮಿನದಾದರೆ ಅದಕ್ಕೆ ತಲುಪುವ ಶಕ್ತಿ ಶೇ. 28ರಷ್ಟು ಕುಗ್ಗುತ್ತದೆ. 2.5 ಚದರ ಮಿ.ಮೀ. ತಂತಿ ಬಳಸಿದರೂ ಕುಗ್ಗುವಿಕೆ ಶೇ. 19ರಷ್ಟಿರುತ್ತದೆ.

ಜೋಡಿ ಎಳೆಗಳ ಒಟ್ಟು ರೋಧ ಸ್ಪೀಕರಿನ ಓಮ್ ಮೌಲ್ಯದ ಶೇ. 5ನ್ನು ಮೀರಬಾರದೆಂಬುದು ರೂಢಿಯಲ್ಲಿರುವ ನಿಯಮ. ಇದರಂತೆ 8 ಓಮ್ ಸ್ಪೀಕರಿಗೆ 1.5 ಚದರ ಮಿ.ಮೀ. ತಂತಿ ಸುಮಾರು 16 ಮೀಟರ್ ದೂರಕ್ಕೂ, 2.5 ಚದರ ಮಿ.ಮೀ. ತಂತಿ ಸುಮಾರು 27 ಮೀಟರ್ ದೂರಕ್ಕೂ ಸಾಕು.

ದಪ್ಪ ತಂತಿಗಿಂತ 100 ವೋಲ್ಟ್ ಲೈನ್ ಮೇಲು

ಇದಕ್ಕೂ ಹೆಚ್ಚಿನ ದೂರಕ್ಕೆ ತಂತಿಯನ್ನು ದಪ್ಪವಾಗಿಸುತ್ತ ಹೋಗುವುದು ಲಾಭಕರವಲ್ಲ. ಸಾರ್ವಜನಿಕ ಪ್ರಕಟಣೆಗೆಂದು ತಯಾರಾದ ಆಂಪ್ಲಿಫೈಯರುಗಳಲ್ಲಿ ಸಾಮಾನ್ಯವಾಗಿ 100 ವೋಲ್ಟ್ ಲೈನಿನ ವ್ಯವಸ್ಥೆಯಿರುತ್ತದೆ. ವೋಲ್ಟೇಜ್ ಹೆಚ್ಚಿದಂತೆ ಅದೇ ಶಕ್ತಿಗೆ ಬೇಕಾಗುವ ಕರೆಂಟು ತಗ್ಗುತ್ತದೆ. 60 ವ್ಯಾಟ್ ಕಳುಹಿಸಲು 8 ಓಮ್ ಜೋಡಣೆಯಲ್ಲಿ ಸುಮಾರು 2.7 ಆಂಪಿಯರ್ ಬೇಕು. 100 ವೋಲ್ಟ್ ಲೈನಿನಲ್ಲಿ 0.6 ಆಂಪಿಯರ್ ಸಾಕು. ಮೇಲಿನ 60 ಮೀಟರ್ ದೂರಕ್ಕೆ, ಅದೇ 1.5 ಚದರ ಮಿ.ಮೀ. ತಂತಿಯಲ್ಲಿ ಪೋಲಾಗುವ ಶಕ್ತಿ ಸುಮಾರು 11 ವ್ಯಾಟಿನಿಂದ ಅರ್ಧ ವ್ಯಾಟಿಗೆ ಇಳಿಯುತ್ತದೆ.

ಇಂಥ ಲೈನಿಗೆ ಪ್ರತಿ ಸ್ಪೀಕರಿಗೂ ಲೈನ್ ಟ್ರಾನ್ಸ್‌ಫಾರ್ಮರ್ ಅಗತ್ಯ. ಅದಿಲ್ಲದ 8 ಓಮ್ ಸ್ಪೀಕರನ್ನು ನೇರವಾಗಿ ಜೋಡಿಸಿದರೆ ಸುಟ್ಟುಹೋಗಬಹುದು. ಎಲ್ಲ ಸ್ಪೀಕರುಗಳ ಒಟ್ಟು ವ್ಯಾಟ್ ಆಂಪ್ಲಿಫೈಯರಿನ ಸಾಮರ್ಥ್ಯದ ಶೇ. 80ರೊಳಗಿರುವುದು ಲೇಸು. 100 ವೋಲ್ಟ್ ಅಪಾಯಕಾರಿಯಾದುದರಿಂದ ಆಂಪ್ಲಿಫೈಯರ್ ಆರಿಸದೆ ಜೋಡಣೆಗಳನ್ನು ಮುಟ್ಟಬಾರದು.

ಖರೀದಿಯಲ್ಲಿ ಎಚ್ಚರ

ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿ ಅಗ್ಗವಾಗಿ ದೊರೆಯುತ್ತದೆ. ಅದರ ರೋಧ ಅದೇ ಗಾತ್ರದ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಅಥವಾ ಅದಕ್ಕೂ ಅಧಿಕ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಸಂಶಯಪಡಬೇಕು. ತವರ ಲೇಪಿತ ತಾಮ್ರವಾದರೆ ಹೊರಗೆ ಬಿಳುಪು, ಒಳಗೆ ಕೆಂಪು. 1.5 ಚದರ ಮಿ.ಮೀ. ತಂತಿಯ 90 ಮೀಟರ್ ಸುರುಳಿಯ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಸುಮಾರು 1.1 ಓಮ್ ತೋರಿಸಬೇಕು. ಮೀಟರಿನ ಕಡ್ಡಿಗಳ ಸ್ವಂತ ರೋಧವನ್ನು ಇದರಿಂದ ಕಳೆಯುವುದನ್ನು ಮರೆಯಬಾರದು. ಐಎಸ್ 694ರ ಐಎಸ್‌ಐ ಮುದ್ರೆಯುಳ್ಳ ತಂತಿಯನ್ನೇ ಕೊಳ್ಳುವುದು ಸುರಕ್ಷಿತ.

ಪೈಪಿನಲ್ಲಿ ಎಳೆಯುವಾಗ

1. ತಂತಿಗಳು ಪೈಪಿನ ಒಳಜಾಗದ ಶೇ. 40ನ್ನು ಮೀರದಿರಲಿ, ಮುಂದಿನ ಸೇರ್ಪಡೆಗೂ ಎಡೆಯಿರಲಿ.

2. ಎರಡು ಪೆಟ್ಟಿಗೆಗಳ ನಡುವೆ ಎರಡಕ್ಕಿಂತ ಹೆಚ್ಚು ತಿರುವುಗಳು ಬೇಡ. ಚೂಪು ಮೂಲೆಯ ಬದಲು ಉದ್ದ ಬಾಗಿನ ಬೆಂಡ್ ಬಳಸಬೇಕು.

3. 230 ವೋಲ್ಟಿನ ತಂತಿಗಳೊಂದಿಗೆ ಒಂದೇ ಪೈಪಿನಲ್ಲಿ ಸ್ಪೀಕರ್ ತಂತಿ ಎಳೆಯಬಾರದು. ಗುಂಯ್‌ಗುಡುವ ಸದ್ದು ಸೇರಿಕೊಳ್ಳುವುದಷ್ಟೇ ಅಲ್ಲ, ನಿರೋಧಕ ಕವಚ ಹರಿದರೆ ಪ್ರಾಣಾಪಾಯವೂ ಉಂಟು.

4. ಪೈಪಿನೊಳಗೆ ಜೋಡಣೆ ಸಲ್ಲದು. ಅದು ಪೆಟ್ಟಿಗೆಯಲ್ಲೇ ಆಗಬೇಕು.

5. ನೆಲದಡಿಯ ಪೈಪಿನಲ್ಲಿ ನೀರು ಸೇರುವುದರಿಂದ ಅಲ್ಲಿಗೆ ಹೊರಕವಚವಿರುವ ಕೇಬಲ್ಲೇ ತಕ್ಕುದು.

6. ಎರಡೂ ತುದಿಗಳಲ್ಲಿ ಧನ, ಋಣ ಗುರುತು ಹಾಕಬೇಕು. ಒಂದು ಸ್ಪೀಕರ್ ತಿರುವುಮುರುವಾದರೆ ಪಕ್ಕದ ಸ್ಪೀಕರಿನ ಧ್ವನಿಯೊಡನೆ ಸೆಣಸಿ ಮಾತು ಅಸ್ಪಷ್ಟವಾಗುತ್ತದೆ.

7. ಸ್ಪೀಕರ್ ಜೋಡಿಸುವ ಮುನ್ನ ದೂರದ ತುದಿಯ ಎರಡು ಎಳೆಗಳನ್ನು ಕೂಡಿಸಿ ಈಚೆ ತುದಿಯಲ್ಲಿ ರೋಧ ಅಳೆದು, ಲೆಕ್ಕಕ್ಕೆ ಸರಿಹೊಂದುವುದೇ ಎಂದು ನೋಡಬೇಕು. ಈ ಅಂಕಿಯನ್ನು ಗುತ್ತಿಗೆದಾರರ ಬಿಲ್ಲಿನೊಂದಿಗೆ ಕಾದಿರಿಸಿದರೆ ಮುಂದೆ ದೋಷ ಹುಡುಕುವುದು ಸುಲಭ.

ಗೋಡೆ ಮುಚ್ಚುವ ಮೊದಲು ಈ ಪರೀಕ್ಷೆ ಮುಗಿದಿರಲಿ. ಅಪಾಯದ ಘಳಿಗೆಯಲ್ಲಿ ಗೋದಾಮಿನ ಕೊನೆಯ ಮೂಲೆಯಲ್ಲಿರುವ ಕಾರ್ಮಿಕನಿಗೂ ಎಚ್ಚರಿಕೆ ಸ್ಪಷ್ಟವಾಗಿ ಕೇಳಿಸಿದಾಗಲೇ ಈ ವೆಚ್ಚ ಸಾರ್ಥಕ.