ಸೆರಗಿನ ಗಂಟು

ಅಕ್ಕಾ, ಕುಮಟಾದ ಮೀನುಪೇಟೆಯಲ್ಲಿ ನಿಂತು ‘ಬಂಗಡೆ’ ಎನ್ನಲು ಹೋದರೆ ಹೆಸರು ನಾಲಗೆ ತುದಿಯಲ್ಲೇ ಸಿಕ್ಕಿಕೊಳ್ಳುತ್ತದೆಯೇ? ಗಂಜಿ ತಳ ಹಿಡಿದ ಮೇಲೆ ಒಲೆಯ ನೆನಪಾಗುತ್ತದೆಯೇ? ಅದು ಅರಳುಮರಳೇ ಆಗಿರಬೇಕೆಂದಿಲ್ಲ. ಸ್ತನ ಕ್ಯಾನ್ಸರ್‌ಗೆಂದು 5ರಿಂದ 10 ವರ್ಷ ನುಂಗುವ ಟ್ಯಾಮೊಕ್ಸಿಫೆನ್, ಲೆಟ್ರೊಜೋಲ್‌ನಂಥ ಮಾತ್ರೆಗಳು ಈಸ್ಟ್ರೊಜೆನ್ನಿನ ಕೆಲಸವನ್ನು ತಡೆಯುತ್ತವೆ, ಇಲ್ಲವೇ ಅದನ್ನೇ ತಗ್ಗಿಸುತ್ತವೆ. ಮಿದುಳಿಗೂ ಆ ಹಾರ್ಮೋನಿನ ಆಸರೆ ಉಂಟು. ಹಾಗಾಗಿ ಕೆಲವರಿಗೆ ಮಂಕು ಕವಿಯುತ್ತದೆ. ರಾತ್ರಿ ಮೈ ಬಿಸಿಯೇರಿ ನಿದ್ದೆಗೆಟ್ಟರೆ ಇನ್ನೂ ಹೆಚ್ಚು.

ಹಾಗೆಂದು ಮಾತ್ರೆಯನ್ನು ನೀವಾಗಿ ಬಿಡಬೇಡಿ. ಹೊನ್ನಾವರ, ಭಟ್ಕಳದಿಂದ ಮಣಿಪಾಲಕ್ಕೋ ಮಂಗಳೂರಿಗೋ ವೈದ್ಯರನ್ನು ಕಾಣಲು ಹೊರಡುವ ಮುನ್ನ ಮರೆತದ್ದನ್ನೆಲ್ಲ ತಾರೀಖಿನ ಸಮೇತ ಚೀಟಿಯಲ್ಲಿ ಬರೆದಿಡಿ. ಥೈರಾಯ್ಡ್, ಬಿ12, ರಕ್ತಹೀನತೆಯ ಪರೀಕ್ಷೆ ಬೇಕೇ ಎಂದು ಕೇಳಿ. ಖಿನ್ನತೆಗೆ ಗುಳಿಗೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಪ್ಯಾರಾಕ್ಸೆಟಿನ್‌ನಂಥವು ಟ್ಯಾಮೊಕ್ಸಿಫೆನ್ನಿನ ಬಲ ಕುಗ್ಗಿಸಬಲ್ಲವು. ವೈದ್ಯರು ಮಾತ್ರೆ ಬದಲಿಸಲೂಬಹುದು.

ಮನೆಯಲ್ಲಿ ಒಂದು ಹೊತ್ತಿಗೆ ಒಂದೇ ಕೆಲಸ. ಒಲೆ ಹಚ್ಚಿದರೆ ಮೊಬೈಲಿನಲ್ಲಿ ಅಲಾರಾಂ. ಕೀಲಿಗೂ ಕನ್ನಡಕಕ್ಕೂ ಒಂದೇ ಗೂಡು. ಬೆಳಿಗ್ಗೆ ಅರ್ಧ ಗಂಟೆ ಕಡಲ ದಂಡೆಯಲ್ಲಿ ನಡಿಗೆ. ಮನೆಯವರಿಗೂ ವಿಷಯ ಹೇಳಿಬಿಡಿ. ನೆನಪಿಗೆಂದು ಅಜ್ಜಿ ಸೆರಗಿಗೆ ಗಂಟು ಹಾಕುತ್ತಿದ್ದಳಲ್ಲ, ಅವಳಿಗೇನು ನಾಚಿಕೆಯಿತ್ತೇ?