ಓಕ್ ಹಲಗೆಯೋ, ತಾಂಡೂರು ಫರಸಿಯೋ?

ಪ್ರಶ್ನೆ: ಊರಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅಮೆರಿಕದಲ್ಲಿರುವ ಮಗ ಮನೆಯೆಲ್ಲ ಓಕ್ ಕಟ್ಟಿಗೆಯ ನೆಲ ಹಾಕಿಸಿರಿ ಅನ್ನುತ್ತಾನೆ. ನಮ್ಮ ಮನೆಯವರಿಗೆ ತಾಂಡೂರು ಫರಸಿಯೇ ಬೇಕು. ಯಾರ ಮಾತು ಕೇಳಲಿ?
– ಗೃಹಿಣಿ, ನಾರಾಯಣಖೇಡ್

ಉತ್ತರ: ಕೋಣೆ ನೋಡಿ ಹಂಚಿದರೆ ಇಬ್ಬರ ಮಾತೂ ಉಳಿಯುತ್ತದೆ, ತಾಯಿ. ಓಕ್ ಗಟ್ಟಿ ಕಟ್ಟಿಗೆ, ಬೇಗ ಸವೆಯುವುದಿಲ್ಲ. ಅದಕ್ಕೆ ಆಗದಿರುವುದು ತೇವದ ಏರಿಳಿತ. ಬೇಸಿಗೆಯ ಒಣಗಾಳಿಗೆ ಕಟ್ಟಿಗೆಯ ತೇವಾಂಶ ಶೇ 6–7ಕ್ಕೆ ಇಳಿದು, ಮಳೆಗಾಲದಲ್ಲಿ ಶೇ 14–15ಕ್ಕೆ ಏರಿತೆನ್ನಿ. ಆಗ 5 ಇಂಚು ಅಗಲದ ಘನ ಓಕ್ ಹಲಗೆ 3ರಿಂದ 4 ಮಿ.ಮೀ. ಹಿಗ್ಗುತ್ತದೆ. ಬೇಸಿಗೆಯಲ್ಲಿ ಸಂದು ಬಿಡುತ್ತದೆ, ಮಳೆಗಾಲದಲ್ಲಿ ಅಂಚು ಮೇಲೇಳುತ್ತದೆ. ಮಗ ಇರುವ ಕಡೆ ಹೀಟರ್, ಎ.ಸಿ. ಮನೆಯೊಳಗಿನ ಹವೆಯನ್ನು ಹಿಡಿತದಲ್ಲಿಡುತ್ತವೆ. ನಮ್ಮಲ್ಲಿ ಕಿಟಕಿ ಬಾಗಿಲು ತೆರೆದೇ ಇರುತ್ತವೆ, ದಿನಾ ಬಕೆಟ್ ನೀರಿಟ್ಟುಕೊಂಡು ನೆಲ ಒರೆಸುತ್ತೇವೆ. ಹಾಗಾಗಿ ನಡುಮನೆ, ಅಡುಗೆಮನೆ, ದೇವರಕೋಣೆ, ಬಚ್ಚಲಿಗೆ ಫರಸಿ ಹಾಕಿಸಿ. ಮೇ ತಿಂಗಳಲ್ಲಿ ಬರಿಗಾಲಿಗೆ ಸಿಗುವ ಆ ತಂಪು ಕಟ್ಟಿಗೆಯಲ್ಲಿ ಸಿಗುವುದಿಲ್ಲ. ಮಾಳಿಗೆ ಮೇಲಿನ ಮಗನ ಕೋಣೆಗೆ ಓಕ್ ಇರಲಿ.

ಪ್ರಶ್ನೆ: ಅಂಗಡಿಯಲ್ಲಿ ಮೂರು ದರದ ಹಲಗೆ ತೋರಿಸಿ ಮೂರೂ ಓಕ್ ಎಂದರು. ಗುರುತಿಸುವುದು ಹೇಗೆ?
– ಬ್ಯಾಂಕ್ ನೌಕರ, ಜಹೀರಾಬಾದ್

ಉತ್ತರ: ಹಲಗೆಯ ತುದಿ ನೋಡಿ. ಮೇಲಿನ ಎಳೆ ಕೆಳಗಿನವರೆಗೂ ಮುಂದುವರಿದಿದ್ದರೆ ಅದು ಘನ ಓಕ್. ಮೇಲೊಂದು ಓಕ್ ಪದರ, ಅಡಿಯಲ್ಲಿ ಅಡ್ಡಉದ್ದ ಅಂಟಿಸಿದ ಪ್ಲೈ ಇದ್ದರೆ ಎಂಜಿನಿಯರ್ಡ್. ಒತ್ತಿದ ಕಂದು ಹೊಟ್ಟಿನ ಮೇಲೆ ಓಕಿನ ಚಿತ್ರ ಅಂಟಿಸಿದ್ದರೆ ಲ್ಯಾಮಿನೇಟ್. ಏಳೆಂಟು ಹಲಗೆ ಜೋಡಿಸಿದರೆ ಒಂದೇ ಗಂಟು ಮತ್ತೆ ಮತ್ತೆ ಕಾಣುತ್ತದೆ.

ನಮ್ಮ ಹವೆಗೆ ಎಂಜಿನಿಯರ್ಡ್ ಮೇಲು. ಅಡ್ಡ ಪದರಗಳು ಹಿಗ್ಗುವುದನ್ನು ತಡೆಯುತ್ತವೆ. ಮೇಲಿನ ಓಕ್ ಪದರ 3–4 ಮಿ.ಮೀ. ಇರಲಿ. ಮುಂದೆ ಉಜ್ಜಿ ಹೊಸ ಪಾಲಿಷ್ ಹಾಕಿಸಬಹುದು, ತೆಳು ಪದರಕ್ಕೆ ಆ ಭಾಗ್ಯವಿಲ್ಲ. ಕೆಂಪು ಓಕಿಗಿಂತ ಬಿಳಿ ಓಕ್ ಆರಿಸಿ. ಅದರ ರಂಧ್ರಗಳು ಒಳಗಿಂದಲೇ ಮುಚ್ಚಿಕೊಂಡಿರುವುದರಿಂದ ನೀರು ಸುಲಭವಾಗಿ ಇಳಿಯುವುದಿಲ್ಲ. ಮದ್ಯದ ಪೀಪಾಯಿಗಳನ್ನು ಅದರಲ್ಲಿ ಮಾಡುವುದು ಇದೇ ಕಾರಣಕ್ಕೆ. ಓಕೇ ಆಗಬೇಕೆಂಬ ಹಟ ಇಲ್ಲದಿದ್ದರೆ ಹಳೆಯ ಸಾಗವಾನಿಯ ತಿರುಳುಕಟ್ಟಿಗೆ ಇನ್ನೂ ಒಳ್ಳೆಯದು. ಅದು ಓಕಿಗಿಂತ ಕಡಿಮೆ ಹಿಗ್ಗುತ್ತದೆ, ಗೆದ್ದಲಿಗೂ ಸುಲಭಕ್ಕೆ ಬಗ್ಗದು.

ಹಾಕಿಸುವ ಮೊದಲು ಕಾಂಕ್ರೀಟ್ ಒಣಗಿದೆಯೇ ನೋಡಿ. ಚೌಕಾಕಾರದ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ಇನ್ನೂ ಕಾಯಬೇಕು. ಗೋಡೆಯ ಸುತ್ತ 10–12 ಮಿ.ಮೀ. ಜಾಗ ಬಿಡಿಸಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಗೆದ್ದಲು ಔಷಧಿಯನ್ನು ಬುನಾದಿ ಹಂತದಲ್ಲೇ ಹಾಕಿಸಿ.

ಪ್ರಶ್ನೆ: ಶಹಾಬಾದ್ ಫರಸಿ, ತಾಂಡೂರು ಫರಸಿ ಬೇರೆ ಬೇರೆಯೇ? ನಮ್ಮ ಅಡುಗೆಮನೆಯ ಪಾಲಿಷ್ ಕಲ್ಲಿನ ಮೇಲೆ ಮಾಸಲು ಕಲೆ ಬಿದ್ದಿವೆ.
– ಶಿಕ್ಷಕ, ತಾಂಡೂರು

ಉತ್ತರ: ಎರಡೂ ಭೀಮಾ ಕೊಳ್ಳದ ಸುಣ್ಣಕಲ್ಲುಗಳೇ. 1956ರಲ್ಲಿ ತಾಂಡೂರು, ಶಹಾಬಾದ್ ಇರುವ ಗುಲ್ಬರ್ಗಾ ಜಿಲ್ಲೆಯಿಂದ ಬೇರೆಯಾಯಿತು, ನೆಲದಡಿಯ ಪದರ ಮಾತ್ರ ಒಂದೇ. ತಾಂಡೂರಿನಲ್ಲಿ ನೀಲಿಯ ಜೊತೆ ಹಳದಿ ಕಲ್ಲೂ ಸಿಗುತ್ತದೆ.

ಸುಣ್ಣಕಲ್ಲಾದ್ದರಿಂದ ಹುಳಿ ಅದಕ್ಕೆ ವೈರಿ. ನಿಂಬೆರಸ, ಹುಣಸೆ ರಸ, ಬಚ್ಚಲು ತೊಳೆಯುವ ಆಸಿಡ್ ಬಿದ್ದಲ್ಲಿ ಕಲ್ಲೇ ಕರಗಿ ಹೊಳಪು ಹೋಗುತ್ತದೆ. ಎಷ್ಟು ಸೋಪು ಉಜ್ಜಿದರೂ ಅದು ಮರಳದು, ಮಷಿನ್ ಪಾಲಿಷ್ ಹಾಕಿಸಬೇಕು. ಆಮೇಲೆ ಸೀಲರ್ ಬಳಿಸಿದರೆ ಎಣ್ಣೆ, ಅರಿಸಿನ ಒಳಗಿಳಿಯುವುದು ತಗ್ಗುತ್ತದೆ. ಹುಳಿ ಬಿದ್ದರೆ ಮಾತ್ರ ತಕ್ಷಣ ಒರೆಸಲೇಬೇಕು.

ಹೊಸ ಕಲ್ಲು ಕೊಳ್ಳುವಾಗ ನಾಣ್ಯದಿಂದ ತಟ್ಟಿ ನೋಡಿ. ಠಣ್ ಅಂದರೆ ಗಟ್ಟಿ, ಮಂಕಾಗಿ ಸದ್ದು ಬಂದರೆ ಪದರ ಬಿಟ್ಟಿರಬಹುದು. ದಪ್ಪ ಒಂದೇ ಸಮ ಇರುವ ಕಲ್ಲುಗಳನ್ನೇ ಆರಿಸಿ. ಗೌಂಡಿ ಕಲ್ಲಿನ ಅಡಿಯಲ್ಲಿ ಪೂರ್ತಿ ಗಾರೆ ತುಂಬುವಂತೆ ನಿಂತು ನೋಡಿಕೊಳ್ಳಿ, ಟೊಳ್ಳು ಉಳಿದಲ್ಲಿ ಕಲ್ಲು ಸೀಳುತ್ತದೆ. ಬಚ್ಚಲಿಗೆ ಪಾಲಿಷ್ ಮಾಡದ ಒರಟು ಕಲ್ಲೇ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಮಾತನ್ನು ಖಂಡಿತ ಮರೆಯಬೇಡಿ.